ತೂಕಕ್ಕೆ ಹಾಕುವ ಮುನ್ನ ಪರದೆ ಓದಿ

‘ಇವೆಲ್ಲ ಸತ್ತೋಗಿವೆ ಮೇಷ್ಟ್ರೇ, ತೂಕಕ್ಕೆ ಹಾಕಿಬಿಡಿ’ ಎಂದವರು ನಮ್ಮ ಲ್ಯಾಬಿಗೆ ಕಾಲಿಟ್ಟು ಹತ್ತು ನಿಮಿಷವೂ ಆಗಿರಲಿಲ್ಲ. ಮೂರು ಮಷಿನ್ ಆನ್ ಮಾಡಿದ್ದರು. ಮೂರರ ಪರದೆಯ ಮೇಲೂ ಕಪ್ಪು ಹಿನ್ನೆಲೆಯಲ್ಲಿ ಬಿಳಿಯ ನಾಲ್ಕು ಸಾಲು ಮೂಡಿ ನಿಂತವು. ಅವರು ಆ ಸಾಲುಗಳನ್ನು ನೋಡಿದರು, ಓದಲಿಲ್ಲ. ನೋಡುವುದಕ್ಕೂ ಓದುವುದಕ್ಕೂ ಇರುವ ವ್ಯತ್ಯಾಸವನ್ನು ಸಾಹಿತ್ಯದ ವಿದ್ಯಾರ್ಥಿಗಳಿಗೆ ನಾನು ವಿವರಿಸಬೇಕಿಲ್ಲ. ಆದರೆ ಆ ವ್ಯತ್ಯಾಸದಿಂದಾಗಿ ಪ್ರತಿ ವರ್ಷ ಎಷ್ಟು ಒಳ್ಳೆಯ ಸಾಮಾನು ಗುಜರಿ ಸೇರುತ್ತದೆ ಎನ್ನುವುದನ್ನು ವಿವರಿಸಬೇಕಿದೆ. ಅದಕ್ಕೇ ಈ ಜಗಳ.

ನಾನು ಮಲೆನಾಡಿನ ಒಂದು ತಾಲ್ಲೂಕು ಕೇಂದ್ರದ ಕಾಲೇಜಿನಲ್ಲಿ ಕನ್ನಡದ ಅತಿಥಿ ಉಪನ್ಯಾಸಕ. ಲ್ಯಾಬ್ ನೋಡಿಕೊಳ್ಳುತ್ತಿದ್ದವರಿಗೆ ವರ್ಗವಾದಾಗ ಪ್ರಾಂಶುಪಾಲರು ನನ್ನನ್ನು ಕರೆದು, ‘ನೀವು ಹೇಗೂ ಕಂಪ್ಯೂಟರಲ್ಲಿ ಟೈಪ್ ಮಾಡ್ತಿರಲ್ಲ, ಸ್ವಲ್ಪ ದಿನ ನೋಡ್ಕೊಳ್ಳಿ’ ಎಂದು ಬೀಗದ ಕೈ ಕೊಟ್ಟರು. ಆ ‘ಸ್ವಲ್ಪ ದಿನ’ ಇನ್ನೂ ಮುಗಿದಿಲ್ಲ. ಅಲ್ಲಿದ್ದದ್ದು 18 ಹಳೆಯ ಮಷಿನ್‌ಗಳು. ಯಾವುದರಲ್ಲೂ ಹಾರ್ಡ್ ಡಿಸ್ಕ್ ಇಲ್ಲ. ಮೂಲೆಯಲ್ಲೊಂದು ಸರ್ವರ್. ಅದರ ಮೇಲೆ ಲಿನಕ್ಸ್. ಉಳಿದ ಹದಿನೆಂಟೂ ಬೆಳಗ್ಗೆ ಎದ್ದ ಕೂಡಲೇ ತಮ್ಮ ಪೂರ್ತಿ ಬುದ್ಧಿಯನ್ನು ತಂತಿಯ ಮೂಲಕ ಆ ಸರ್ವರ್‌ನಿಂದ ತರಿಸಿಕೊಂಡು ಕೆಲಸ ಶುರುಮಾಡಬೇಕು. 1999ರಲ್ಲಿ ಜಿಮ್ ಮೆಕ್ವಿಲನ್ ಆರಂಭಿಸಿದ ಲಿನಕ್ಸ್ ಟರ್ಮಿನಲ್ ಸರ್ವರ್ ಪ್ರಾಜೆಕ್ಟ್ ಎಂಬ ಮುಕ್ತ ತಂತ್ರಾಂಶ ಮಾಡುವುದು ಇದನ್ನೇ. ಬೇರೆಯವರು ಬೇಡವೆಂದ ಮಷಿನ್‌ಗಳಿಗೆ ಮತ್ತೆ ಜೀವ ಕೊಡುವುದು. ನಮ್ಮ ಕಾಲೇಜಿನಂಥ ಕಡೆಗೆಂದೇ ಹುಟ್ಟಿದ್ದು ಎನ್ನಬಹುದು.

ನಮ್ಮ ಮಕ್ಕಳಲ್ಲಿ ಬಹಳ ಮಂದಿಗೆ ಕೀಲಿಮಣೆ ಎಂದರೆ ಆ ಲ್ಯಾಬಿನದು ಮಾತ್ರ. ಫೋನಿದೆ, ಇಲ್ಲವೆನ್ನುವುದಿಲ್ಲ. ಆದರೆ ಇಪ್ಪತ್ತು ಪುಟದ ಪ್ರಾಜೆಕ್ಟ್ ವರದಿಯನ್ನು ಹೆಬ್ಬೆರಳಲ್ಲಿ ಬರೆಯಲಾಗದು. ಲ್ಯಾಬ್ ಮುಚ್ಚಿದರೆ ಬಸ್‌ಸ್ಟ್ಯಾಂಡ್ ಪಕ್ಕದ ಅಂಗಡಿಗೆ ಹೋಗಿ ಪುಟಕ್ಕಿಷ್ಟು ಎಂದು ಕೊಟ್ಟು ಟೈಪ್ ಮಾಡಿಸಬೇಕು. ಬಸ್ ಚಾರ್ಜಿಗೇ ಲೆಕ್ಕ ಹಾಕುವ ಮಕ್ಕಳು ಅವು. ‘ತೂಕಕ್ಕೆ ಹಾಕಿ’ ಎಂಬ ಮಾತು ನನಗೆ ಚುಚ್ಚಿದ್ದು ಈ ಕಾರಣಕ್ಕೆ.

ಈ ಮಷಿನ್ ಏಳುವ ಬಗೆಯನ್ನು ಸ್ವಲ್ಪ ಹೇಳಬೇಕು. ಇಲ್ಲದಿದ್ದರೆ ಜಗಳ ಅರ್ಥವಾಗುವುದಿಲ್ಲ. ‘ಬೂಟ್’ ಎಂಬ ಪದದ ಹಿಂದಿರುವುದು ತನ್ನ ಬೂಟಿನ ಪಟ್ಟಿಯನ್ನು ತಾನೇ ಹಿಡಿದೆಳೆದು ಮೇಲೇಳುವ ಕಲ್ಪನೆ. ತನ್ನ ಜುಟ್ಟನ್ನು ತಾನೇ ಹಿಡಿದು ಎತ್ತಿಕೊಂಡಂತೆ ಎಂದಿಟ್ಟುಕೊಳ್ಳಿ. ಡಿಸ್ಕ್ ಇಲ್ಲದ ಮಷಿನ್‌ಗೆ ಹಿಡಿಯಲು ಜುಟ್ಟೂ ಇಲ್ಲ. ಅದರ ನೆಟ್‌ವರ್ಕ್ ಕಾರ್ಡಿನಲ್ಲಿ ಪಿಎಕ್ಸ್‌ಇ ಎಂಬ ಚಿಕ್ಕ ಪ್ರೋಗ್ರಾಂ ಇರುತ್ತದೆ. ಇಂಟೆಲ್‌ನವರು ಅದರ 2.1ನೇ ಆವೃತ್ತಿಯ ನಿಯಮ ಪ್ರಕಟಿಸಿದ್ದೂ 1999ರಲ್ಲೇ. ಕರೆಂಟು ಬಂದೊಡನೆ ಅದು ತಂತಿಗೆ ಬಾಯಿಟ್ಟು ಎಲ್ಲರಿಗೂ ಕೇಳುವಂತೆ ಕೂಗುತ್ತದೆ: ನನಗೊಂದು ವಿಳಾಸ ಕೊಡುವವರು ಯಾರಾದರೂ ಇದ್ದೀರಾ? ಡಿಎಚ್‌ಸಿಪಿ ಎಂಬ ಸೇವೆ ನಡೆಸುತ್ತಿರುವ ಸರ್ವರ್ ಓಗೊಡುತ್ತದೆ: ಇಗೋ ನಿನ್ನ ವಿಳಾಸ, ಇಂಥವರ ಬಳಿ ಹೋಗಿ ಇಂಥ ಫೈಲ್ ಕೇಳು. ಮಷಿನ್ ಅಲ್ಲಿಗೆ ಹೋಗಿ ಟಿಎಫ್‌ಟಿಪಿ ಎಂಬ ಇನ್ನೊಂದು ವಿಧಾನದಲ್ಲಿ ಫೈಲ್ ತರುತ್ತದೆ. ಇದರ ನಿಯಮ ಬರೆದದ್ದು 1981ರಲ್ಲಿ, ತಿದ್ದಿದ್ದು 1992ರಲ್ಲಿ. ಮೂಲ ನಿಯಮದ ಪ್ರಕಾರ ಒಂದು ಸಲಕ್ಕೆ 512 ಬೈಟ್ ಮಾತ್ರ. ಒಂದು ತುತ್ತು ಕೊಟ್ಟು, ನುಂಗಿದೆ ಎಂದು ಮಷಿನ್ ಹೇಳಿದ ಮೇಲಷ್ಟೇ ಮುಂದಿನ ತುತ್ತು. ನಾಲ್ಕು ಎಂಬಿಯ ಕರ್ನಲ್ ಎಂದರೆ ಎಂಟು ಸಾವಿರಕ್ಕೂ ಹೆಚ್ಚು ತುತ್ತು. ಅದಾದ ಮೇಲೆ ಕರ್ನಲ್ ಎದ್ದು, ಮತ್ತೆ ತಾನೇ ಇನ್ನೊಮ್ಮೆ ವಿಳಾಸ ಕೇಳಿ, ಸರ್ವರ್‌ನಲ್ಲಿರುವ ಕಡತಗಳನ್ನು ತನ್ನವೇ ಎಂಬಂತೆ ಬಳಸತೊಡಗುತ್ತದೆ. ಆಗ ಲಾಗಿನ್ ಪರದೆ.

ಇದರಲ್ಲಿ ಯಾವ ಮೆಟ್ಟಿಲಲ್ಲಿ ಎಡವಿದರೂ ಮಷಿನ್ ಸುಮ್ಮನೆ ಬಿದ್ದುಕೊಳ್ಳುವುದಿಲ್ಲ. ಎಲ್ಲಿ ಎಡವಿದೆ ಎಂದು ಹೇಳಿಯೇ ಬೀಳುತ್ತದೆ. ನನ್ನ ಸಿಟ್ಟಿನ ಮೂಲ ಇದು. ಹೇಳಿದ್ದನ್ನು ಕೇಳುವವರಿಲ್ಲ.

ಆ ದಿನ ಪರದೆಯ ಮೇಲಿದ್ದದ್ದು ‘ಪಿಎಕ್ಸ್‌ಇ-ಇ53: ನೋ ಬೂಟ್ ಫೈಲ್‌ನೇಮ್ ರಿಸೀವ್ಡ್’. ತೂಕಕ್ಕೆ ಹಾಕಿ ಎಂದವರು ಮರುವಾರ ಬಂದು ಸರ್ವರ್ ಫಾರ್ಮ್ಯಾಟ್ ಮಾಡುತ್ತೇನೆ ಎಂದರು. ನಾನು ಬೇಡವೆಂದೆ. ‘ಕನ್ನಡ ಮೇಷ್ಟ್ರಿಗೆ ಇದೆಲ್ಲ ಯಾಕೆ ಸಾರ್’ ಎಂದು ನಕ್ಕರು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇವರಿಗೆ ಲಿನಕ್ಸ್ ಡೊಂಕು, ಹಳೇ ಕಾರ್ಡು ಡೊಂಕು, ಮಲೆನಾಡಿನ ಥಂಡಿ ಡೊಂಕು. ಕೊನೆಗೆ ಕರೆಂಟೂ ಡೊಂಕು ಎಂದರು. ಪರದೆಯ ಮೇಲೆ ಬರೆದದ್ದು ಮಾತ್ರ ಏನು ಎಂದು ಅವರು ಒಮ್ಮೆಯೂ ಹೇಳಲಿಲ್ಲ.

ಆ ಸಾಲನ್ನು ಕನ್ನಡದ ಪದ್ಯ ಓದುವ ಹಾಗೆ ಓದಿದರೂ ಸಾಕಿತ್ತು. ‘ಫೈಲಿನ ಹೆಸರು ಬರಲಿಲ್ಲ’ ಎನ್ನುತ್ತಿದೆ. ‘ವಿಳಾಸ ಬರಲಿಲ್ಲ’ ಎನ್ನುತ್ತಿಲ್ಲ. ವಿಳಾಸವೇ ಬಾರದಿದ್ದರೆ ಇ51 ಎಂಬ ಬೇರೆ ಸಾಲು ಬರುತ್ತದೆ. ಅಂದರೆ ತಂತಿ ಸರಿ ಇದೆ, ಕಾರ್ಡು ಸರಿ ಇದೆ, ಯಾರೋ ಓಗೊಟ್ಟಿದ್ದಾರೆ, ವಿಳಾಸ ಕೊಟ್ಟಿದ್ದಾರೆ. ಆದರೆ ಮುಂದೆ ಏನು ತರಬೇಕೆಂದು ಹೇಳಿಲ್ಲ. ನಮ್ಮ ಸರ್ವರ್ ಯಾವತ್ತೂ ಹೇಳುತ್ತಿತ್ತು. ಇವತ್ತು ಯಾಕೆ ಹೇಳಲಿಲ್ಲ? ಈ ಪ್ರಶ್ನೆಯ ಮುಂದೆ ನಾನೂ ಎರಡು ದಿನ ಕುಳಿತಿದ್ದೆ. ಸರ್ವರ್‌ನ ಸೆಟ್ಟಿಂಗ್ ಫೈಲನ್ನು ಐದಾರು ಸಲ ತಿರುವಿಹಾಕಿದೆ. ತಪ್ಪಿಲ್ಲ. ಮೇಲಾಗಿ ಎಲ್ಲ ಮಷಿನ್‌ಗೂ ಹೀಗಾಗುತ್ತಿರಲಿಲ್ಲ. ಏಳು ಏಳುತ್ತವೆ, ಹನ್ನೊಂದು ಬೀಳುತ್ತವೆ. ನಾಳೆ ಬೇರೆ ಏಳು. ಲ್ಯಾಬಿನ ಅಟೆಂಡರ್ ಅಮಾವಾಸ್ಯೆ ಹತ್ತಿರ ಬಂತೆಂದು ನಿಂಬೆಹಣ್ಣಿನ ಮಾತೆತ್ತಿದ್ದರು.

ಬಿಡಿಸಿದ್ದು ದ್ವಿತೀಯ ಬಿ.ಎ.ಯ ಒಬ್ಬಳು ಹುಡುಗಿ. ಕನ್ನಡ ಮಾಧ್ಯಮದಲ್ಲಿ ಓದಿ ಬಂದವಳು. ನಾನು ಅವಳಿಗೆ ಹೇಳಿದ್ದ ಕೆಲಸ ಇಷ್ಟೇ: ಪ್ರತಿ ಮಷಿನ್ ಆನ್ ಮಾಡು, ಪರದೆಯ ಮೇಲೆ ಏನೇನು ಬರುತ್ತದೋ ನೋಟ್‌ಬುಕ್ಕಿನಲ್ಲಿ ಬರೆದುಕೋ, ಅರ್ಥವಾಗದಿದ್ದರೂ ಬರೆದುಕೋ. ಸಂಜೆ ಬಂದು, ‘ಸಾರ್, ಏಳೋ ಮಷಿನ್ ಎಲ್ಲದರಲ್ಲೂ 192.168.67 ಅಂತ ಶುರುವಾಗುತ್ತೆ. ಬೀಳೋವು ಎಲ್ಲ 192.168.1 ಅಂತಾವೆ’ ಎಂದಳು. ಅಷ್ಟೇ. ಮೂರು ವಾರದಿಂದ ಆ ಅಂಕಿ ಎಲ್ಲರ ಕಣ್ಣೆದುರಿಗೇ ಇತ್ತು. ನನ್ನ ಕಣ್ಣೆದುರಿಗೂ ಇತ್ತು, ಅದನ್ನು ಮುಚ್ಚಿಟ್ಟರೆ ಪ್ರಯೋಜನವಿಲ್ಲ.

ನಮ್ಮ ಸರ್ವರ್ 192.168.1 ಎಂದು ಶುರುವಾಗುವ ವಿಳಾಸ ಕೊಡುವುದೇ ಇಲ್ಲ. ಅಂದರೆ ಅದೇ ತಂತಿಯ ಮೇಲೆ ಇನ್ಯಾರೋ ಓಗೊಡುತ್ತಿದ್ದಾರೆ. ಟಿಸಿಪಿಡಂಪ್ ಎಂಬ ಒಂದು ಉಪಕರಣವಿದೆ. ತಂತಿಯ ಮೇಲೆ ಹೋಗಿಬರುವ ಮಾತನ್ನೆಲ್ಲ ಬರೆದು ತೋರಿಸುತ್ತದೆ. ಬಿಟ್ಟಿಯಾಗಿ ಸಿಗುತ್ತದೆ. ಸರ್ವರ್‌ನಲ್ಲಿ ಅದನ್ನು ಓಡಿಸಿ 67 ಮತ್ತು 68ನೇ ಪೋರ್ಟುಗಳ ಮಾತು ಮಾತ್ರ ತೋರಿಸು ಎಂದೆವು. ಒಂದು ಮಷಿನ್ ಆನ್ ಮಾಡಿದೆವು. ಒಂದು ಕೂಗು, ಎರಡು ಓಗೊಡುವಿಕೆ! ಎರಡನೆಯವನ ಕಾರ್ಡಿನ ಸಂಖ್ಯೆಯ ಮೊದಲರ್ಧದಿಂದ ಅದನ್ನು ತಯಾರಿಸಿದ ಕಂಪನಿ ಯಾವುದೆಂದು ಗೊತ್ತಾಗುತ್ತದೆ. ಆ ಕಂಪನಿಯ ಒಂದೇ ಒಂದು ವಸ್ತು ಕಾಲೇಜಿನಲ್ಲಿತ್ತು. ಪ್ರಾಂಶುಪಾಲರ ಕೋಣೆಯ ವೈಫೈ ರೂಟರ್. ಮೂರು ವಾರದ ಹಿಂದೆ ಯಾರೋ ಅದರ ಒಂದು ತಂತಿಯನ್ನು ಗೋಡೆಯ ಸಾಕೆಟ್ಟಿಗೆ ಸಿಕ್ಕಿಸಿದ್ದರು. ಆ ಸಾಕೆಟ್ಟು ನಮ್ಮ ಸ್ವಿಚ್ಚಿಗೇ ಬರುತ್ತಿತ್ತು.

ಒಂದು ದಿನ ಏಳು, ಇನ್ನೊಂದು ದಿನ ಬೇರೆ ಏಳು ಯಾಕೆ? ಇದು ನನಗೆ ತುಂಬ ಇಷ್ಟವಾದ ಭಾಗ. ನಮ್ಮ ಸರ್ವರ್ ಮರ್ಯಾದಸ್ಥ. ಹೊಸದಾಗಿ ಒಂದು ವಿಳಾಸ ಕೊಡುವ ಮೊದಲು, ಆ ಮನೆಯಲ್ಲಿ ಈಗಾಗಲೇ ಯಾರಾದರೂ ಇದ್ದಾರೋ ಎಂದು ಒಮ್ಮೆ ಬಾಗಿಲು ತಟ್ಟಿ, ಸುಮಾರು ಒಂದು ಸೆಕೆಂಡು ಕಾಯುತ್ತದೆ. ರೂಟರ್‌ಗೆ ಅಂಥ ಸಂಕೋಚವಿರಲಿಲ್ಲ. ಮಷಿನ್ ಕೂಗಿದ ತಕ್ಷಣ ‘ಬಾ ಬಾ’ ಎಂದುಬಿಡುತ್ತಿತ್ತು. ಯಾರು ಮೊದಲು ಮಾತಾಡಿದರೋ ಅವರನ್ನು ನಂಬಿ ಹೊರಟ ಮಷಿನ್ ದಾರಿ ತಪ್ಪುತ್ತಿತ್ತು. ಸಭೆಗಳಲ್ಲಿ ಯೋಚಿಸಿ ಮಾತಾಡುವವರ ಗತಿಯೂ ಇದೇ, ಇರಲಿ. ರೂಟರ್‌ನ ಡಿಎಚ್‌ಸಿಪಿಯನ್ನು ಆಫ್ ಮಾಡಿದೆವು. ಮಾರನೆಯ ಬೆಳಗ್ಗೆ ಹದಿನೆಂಟೂ ಎದ್ದವು. ಖರ್ಚು ಸೊನ್ನೆ.

ಹದಿನೆಂಟು ಮಷಿನ್‌ಗಳನ್ನು ಸಾಯಿಸಹೊರಟಿದ್ದು ಅಜ್ಞಾನ ಎಂದು ನಾನು ಹೇಳುತ್ತಿಲ್ಲ. ಅಜ್ಞಾನ ದೊಡ್ಡ ತಪ್ಪಲ್ಲ. ನನಗೂ ಇ53 ಎಂದರೆ ಏನೆಂದು ಮೊದಲು ಗೊತ್ತಿರಲಿಲ್ಲ. ಓದದೆಯೇ ತೀರ್ಪು ಕೊಡುವ ಗರ್ವ ಇದೆಯಲ್ಲ, ಅದರ ಜೊತೆ ನನ್ನ ಜಗಳ. ಮತ್ತು ಈ ಗರ್ವ ರಿಪೇರಿಯವರ ಸ್ವತ್ತು ಮಾತ್ರವಲ್ಲ. ಅದೇ ತಿಂಗಳು ನಮ್ಮಲ್ಲೊಂದು ವಿಚಾರ ಸಂಕಿರಣ ನಡೆಯಿತು. ಡಿಜಿಟಲ್ ಯುಗ ಮತ್ತು ಸಾಹಿತ್ಯ ಎಂಬಂಥ ವಿಷಯ. ಭಾಷಣಕಾರರು ಮುಕ್ಕಾಲು ಗಂಟೆ ಮಾತಾಡಿದರು. ಯುವಕರು ಓದುತ್ತಿಲ್ಲ, ಯಂತ್ರ ನಮ್ಮ ಸೂಕ್ಷ್ಮತೆಯನ್ನು ನುಂಗಿತು, ಪಠ್ಯದ ಮುಂದೆ ತಾಳ್ಮೆಯಿಂದ ಕೂರುವವರು ಎಲ್ಲಿದ್ದಾರೆ ಎಂದೆಲ್ಲ. ಗೋಡೆಯ ಆಚೆ ಬದಿಯ ಲ್ಯಾಬಿನಲ್ಲಿ ಒಬ್ಬಳು ಹುಡುಗಿ ಹದಿನೆಂಟು ಪರದೆಗಳ ಮುಂದೆ ತಾಳ್ಮೆಯಿಂದ ಕೂತು ಪ್ರತಿ ಅಕ್ಷರ, ಪ್ರತಿ ಅಂಕಿ ಬರೆದುಕೊಳ್ಳುತ್ತಿದ್ದಳು. ಸಂಕಿರಣಕ್ಕೆ ಹಾಜರಾಗಲಿಲ್ಲವೆಂದು ಅವಳಿಗೆ ಬೈಗುಳ ಬಿತ್ತು. ಸಾಹಿತ್ಯದವರಾದ ನಮಗೆ ಓದು ಎಂದರೆ ಕಾದಂಬರಿ, ಕವಿತೆ, ಹೆಚ್ಚೆಂದರೆ ಶಾಸನ. ಸವೆದ ಕಲ್ಲಿನ ಮೇಲಿನ ಅರ್ಧ ಅಕ್ಷರಕ್ಕಾಗಿ ಹತ್ತು ವರ್ಷ ಜಗಳವಾಡುವ ನಾವು, ಎದುರಿನ ಪರದೆಯ ಪೂರ್ಣ ವಾಕ್ಯವನ್ನು ‘ಅದು ಟೆಕ್ನಿಕಲ್’ ಎಂದು ತಳ್ಳಿಹಾಕುತ್ತೇವೆ.

ಯಂತ್ರಕ್ಕೂ ಕವಿತೆಗೂ ಸಂಬಂಧವೇ ಇಲ್ಲ ಎನ್ನುವವರಿಗೆ ನಮ್ಮ ಲ್ಯಾಬಿನ ಎರಡನೆಯ ಕಥೆಯಿದೆ.

ಮುಂದಿನ ವರ್ಷ ಅನುದಾನ ಬಂತು. ಹಳೆಯ ಸ್ವಿಚ್ ತೆಗೆದು ಹೊಸ, ದುಬಾರಿ, ‘ಮ್ಯಾನೇಜ್ಡ್’ ಸ್ವಿಚ್ ಹಾಕಿಸಿದರು. ಮಾರನೆಯ ದಿನ ಒಂದು ಮಷಿನ್ನೂ ಏಳಲಿಲ್ಲ. ಈ ಸಲ ಪಿಎಕ್ಸ್‌ಇ ಹಂತ ದಾಟುತ್ತಿತ್ತು, ಆದರೆ ಸುಸ್ತಾದವರ ಹಾಗೆ ತುಂಬ ಹೊತ್ತು ತೆಗೆದುಕೊಂಡು. ಕರ್ನಲ್ ಬರುತ್ತಿತ್ತು. ಅದು ಎದ್ದು ಎರಡನೆಯ ಸಲ ವಿಳಾಸ ಕೇಳುವಾಗ ಯಾರೂ ಓಗೊಡುತ್ತಿರಲಿಲ್ಲ. ಮತ್ತೆ ಅದೇ ತೀರ್ಪು: ಸ್ವಿಚ್ ಹೊಸದು, ಆದ್ದರಿಂದ ತಪ್ಪು ಹಳೇ ಮಷಿನ್‌ಗಳದ್ದು. ಹೊಸದು ತಪ್ಪು ಮಾಡುವುದಿಲ್ಲ ಎಂಬುದು ನಮ್ಮ ಕಾಲದ ಮೂಢನಂಬಿಕೆ. ನಿಂಬೆಹಣ್ಣು ಅದಕ್ಕಿಂತ ಅಗ್ಗ.

ನಾವು ಗಡಿಯಾರ ಹಿಡಿದು ಕೂತೆವು. ಪಿಎಕ್ಸ್‌ಇ ನಿಯಮದಲ್ಲಿ ಮಷಿನ್ ಒಂದು ಸಲ ಕೂಗಿ 4 ಸೆಕೆಂಡು ಕಾಯುತ್ತದೆ, ಮತ್ತೆ ಕೂಗಿ 8, ಆಮೇಲೆ 16, ಕೊನೆಯ ಸಲ 32. ನಮ್ಮ ಮಷಿನ್‌ಗಳಿಗೆ ಉತ್ತರ ಸಿಗುತ್ತಿದ್ದದ್ದು ಆ ಕೊನೆಯ ಕೂಗಿಗೆ. ಅಂದರೆ ಮೊದಲ ಅರ್ಧ ನಿಮಿಷ ಅದರ ದನಿ ಎಲ್ಲಿಗೂ ತಲುಪುತ್ತಿರಲಿಲ್ಲ. ಆ ಅರ್ಧ ನಿಮಿಷ ಎಲ್ಲಿಂದ ಬಂತು? ಸ್ವಿಚ್ಚಿನೊಳಗಿಂದ. ಸ್ಪ್ಯಾನಿಂಗ್ ಟ್ರೀ ಎಂಬ ಒಂದು ವ್ಯವಸ್ಥೆಯಿದೆ. ತಂತಿಗಳು ಸುತ್ತು ಸುತ್ತಿಕೊಂಡು ಮಾತು ಕೊನೆಯಿಲ್ಲದೆ ತಿರುಗಬಾರದು ಎಂದು ಮಾಡಿದ್ದು. ಯಾವುದೇ ತಂತಿಗೆ ಹೊಸದಾಗಿ ಜೀವ ಬಂದರೆ ಸ್ವಿಚ್ ತಕ್ಷಣ ಬಾಗಿಲು ತೆರೆಯುವುದಿಲ್ಲ. 15 ಸೆಕೆಂಡು ಕೇಳಿಸಿಕೊಳ್ಳುತ್ತದೆ, ಇನ್ನೊಂದು 15 ಸೆಕೆಂಡು ಕಲಿಯುತ್ತದೆ, ಆಮೇಲೆ ಬಿಡುತ್ತದೆ. ಪಿಎಕ್ಸ್‌ಇಗೆ ಅಷ್ಟು ತಾಳ್ಮೆಯಿತ್ತು. ಆದರೆ ಕರ್ನಲ್ ಏಳುವಾಗ ಕಾರ್ಡನ್ನು ಒಮ್ಮೆ ಆರಿಸಿ ಹೊತ್ತಿಸುತ್ತದೆ. ಸ್ವಿಚ್ಚಿಗೆ ಅದು ಮತ್ತೆ ಹೊಸ ತಂತಿ, ಮತ್ತೆ 30 ಸೆಕೆಂಡು. ನಮ್ಮಲ್ಲಿದ್ದ ಆವೃತ್ತಿ ಮೂರು ಸಲ ಕೇಳಿ ಕೈಚೆಲ್ಲುತ್ತಿತ್ತು.

ಇದನ್ನು ಖಚಿತ ಮಾಡಿಕೊಂಡದ್ದು ಹೇಗೆಂದರೆ, ಗುಜರಿಯಲ್ಲಿದ್ದ ಐದು ಕಿಂಡಿಯ ಒಂದು ಪುಟ್ಟ ಪ್ಲಾಸ್ಟಿಕ್ ಸ್ವಿಚ್ ತಂದು ಮಷಿನ್‌ಗೂ ದೊಡ್ಡ ಸ್ವಿಚ್ಚಿಗೂ ನಡುವೆ ಸಿಕ್ಕಿಸಿದೆವು. ಮಷಿನ್ ತಕ್ಷಣ ಎದ್ದಿತು. ಮಷಿನ್ ಆರಿ ಹೊತ್ತಿದರೂ ಚಿಕ್ಕ ಸ್ವಿಚ್ಚಿಗೂ ದೊಡ್ಡದಕ್ಕೂ ನಡುವಿನ ತಂತಿ ಆರುವುದಿಲ್ಲವಲ್ಲ, ದೊಡ್ಡದಕ್ಕೆ ಏನೂ ಗೊತ್ತಾಗುವುದಿಲ್ಲ. ಆಮೇಲೆ ದೊಡ್ಡ ಸ್ವಿಚ್ಚಿನ ಸೆಟ್ಟಿಂಗಿನಲ್ಲಿ, ಮಷಿನ್‌ಗಳಿರುವ ಕಿಂಡಿಗಳಿಗೆ ಈ ಕಾಯುವಿಕೆ ಬೇಡ ಎಂದು ಗುರುತು ಹಾಕಿದೆವು. ಪೋರ್ಟ್‌ಫಾಸ್ಟ್ ಎಂದೋ ಎಡ್ಜ್ ಪೋರ್ಟ್ ಎಂದೋ ಕರೆಯುತ್ತಾರೆ. ಅದನ್ನು ಹಾಕಿಕೊಟ್ಟವರು ಆ ಒಂದು ಗುರುತನ್ನು ಅವತ್ತೇ ಹಾಕಿದ್ದರೆ ನಮ್ಮ ಪರೀಕ್ಷೆಯ ಹೊತ್ತಿನ ಎಂಟು ದಿನ ಉಳಿಯುತ್ತಿತ್ತು.

ಕವಿತೆ ಎಲ್ಲಿ ಬಂತು ಎಂದರೆ: ಈ ಸ್ಪ್ಯಾನಿಂಗ್ ಟ್ರೀಯನ್ನು ರೂಪಿಸಿದವರು ರೇಡಿಯಾ ಪರ್ಲ್‌ಮನ್ ಎಂಬ ವಿಜ್ಞಾನಿ, ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಶನ್ನಿನಲ್ಲಿದ್ದಾಗ. 1985ರಲ್ಲಿ ಅದರ ಬಗ್ಗೆ ಪ್ರಬಂಧ ಪ್ರಕಟಿಸುವಾಗ ಅವರು ಸಾರಾಂಶದ ಜಾಗದಲ್ಲಿ ಒಂದು ಪದ್ಯ ಬರೆದು ಇಟ್ಟರು. ‘ಆಲ್ಗೊರೈಮ್’ ಎಂದು ಅದರ ಹೆಸರು. ಜಾಯ್ಸ್ ಕಿಲ್ಮರ್‌ನ ಮರದ ಮೇಲಿನ ಪ್ರಸಿದ್ಧ ಪದ್ಯದ ಧಾಟಿಯಲ್ಲಿದೆ. ನಮ್ಮ ಸಂಕಿರಣಗಳಲ್ಲಿ ಈ ಹೆಸರು ಬಂದದ್ದನ್ನು ನಾನು ಕೇಳಿಲ್ಲ.

ನನ್ನ ಎದುರಾಳಿಗಳಿಗೂ ಹೇಳಲು ಮಾತಿದೆ, ಅದನ್ನು ನುಂಗಿಬಿಟ್ಟರೆ ಅನ್ಯಾಯ. ಡಿಸ್ಕ್ ಇಲ್ಲದ ಮಷಿನ್ ಹಳೆಯ ವ್ಯವಸ್ಥೆ. ಸರ್ವರ್ ಮಲಗಿದರೆ ಹದಿನೆಂಟೂ ಮಲಗುತ್ತವೆ. ಎಲ್ಲರೂ ಒಟ್ಟಿಗೆ ವಿಡಿಯೋ ಹಾಕಿದರೆ ತಂತಿ ಉಸಿರುಗಟ್ಟುತ್ತದೆ. ಕೈಯಲ್ಲಿ ದುಡ್ಡಿದ್ದರೆ ಹೊಸ ಮಷಿನ್ ಕೊಳ್ಳುವುದೇ ಸರಿ. ನಾನು ಈ ಡಬ್ಬಗಳ ಮೇಲಿನ ಮೋಹಕ್ಕೆ ಬರೆಯುತ್ತಿಲ್ಲ. ಆದರೆ ಸ್ವಿಚ್ಚಿನ ಮೂವತ್ತು ಸೆಕೆಂಡು ಓದಲಾರದವರ ಕೈಗೆ ಹೊಸ ಮಷಿನ್ ಕೊಟ್ಟರೆ ಅದೂ ಮೂರು ವರ್ಷದಲ್ಲಿ ‘ಸತ್ತೋಗಿದೆ’.

ಇನ್ನೊಂದು ಆಕ್ಷೇಪ: ಇದೆಲ್ಲ ಇಂಗ್ಲಿಷಿನಲ್ಲಿರುತ್ತದೆ, ಕನ್ನಡ ಮಾಧ್ಯಮದ ಮಕ್ಕಳು ಹೇಗೆ ಓದಬೇಕು? ಇದನ್ನು ಹೇಳುವವರು ಬಹಳ ಕನಿಕರದಿಂದ ಹೇಳುತ್ತಾರೆ. ನನಗೆ ಆ ಕನಿಕರದ ಮೇಲೇ ಸಿಟ್ಟು. ಇನ್ನೊಂದು ಗುಂಪು ‘ಸಂಪರ್ಕಜಾಲಾಧಾರಿತ ಪ್ರಾರಂಭನ’ ಎಂಬಂಥ ಪದ ಕಟ್ಟಿ ಕೈತೊಳೆದುಕೊಳ್ಳುತ್ತದೆ. ಅದನ್ನು ಓದಿದರೆ ಇಂಗ್ಲಿಷೇ ವಾಸಿ ಅನ್ನಿಸುತ್ತದೆ. ಆ ಹುಡುಗಿ ತನ್ನ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ತನಗೆ ಅರ್ಥವಾದ ಹಾಗೆ ಬರೆದುಕೊಂಡಿದ್ದಳು. ಅದನ್ನೇ ದೊಡ್ಡದಾಗಿ ಬರೆಸಿ ಲ್ಯಾಬಿನ ಗೋಡೆಗೆ ಅಂಟಿಸಿದ್ದೇವೆ. ಇ61: ತಂತಿ ನೋಡು. ಇ51: ಕೂಗಿದೆ, ಯಾರೂ ಓಗೊಡಲಿಲ್ಲ. ಇ53: ವಿಳಾಸ ಸಿಕ್ಕಿತು, ಏನು ತರಬೇಕೆಂದು ಹೇಳಲಿಲ್ಲ. ಇ32: ಏನು ತರಬೇಕೆಂದು ಗೊತ್ತು, ಬಾಗಿಲು ತೆರೆಯುತ್ತಿಲ್ಲ. ಟಿ01: ಬಾಗಿಲು ತೆರೆದರು, ಕೇಳಿದ್ದು ಇಲ್ಲವೆಂದರು. ಇಷ್ಟು ಸಾಲು ಸಾಕು. ಈಗ ಪ್ರಥಮ ವರ್ಷದ ಮಕ್ಕಳೂ ನನ್ನ ಬಳಿ ಬಂದು ‘ಸಾರ್, ಕೆಟ್ಟಿದೆ’ ಎನ್ನುವುದಿಲ್ಲ. ‘ಸಾರ್, ಏಳನೇದು ಬಾಗಿಲು ತೆರೀತಿಲ್ಲ’ ಎನ್ನುತ್ತಾರೆ. ಹಾಗೆಂದರೆ ಟಿಎಫ್‌ಟಿಪಿ ನಿಂತಿದೆ ಅಥವಾ ಫೈರ್‌ವಾಲ್ ತಡೆಯುತ್ತಿದೆ ಎಂದು ನನಗೆ ಕುರ್ಚಿಯಿಂದ ಏಳುವ ಮೊದಲೇ ಗೊತ್ತಾಗುತ್ತದೆ.

ಕಳೆದ ತಿಂಗಳು ಹಳೆಯ ಸಾಮಾನು ವಿಲೇವಾರಿ ಸಮಿತಿ ಬಂದಿತ್ತು. ಅವರ ನಮೂನೆಯಲ್ಲಿ ವಸ್ತುವಿನ ಹೆಸರು, ಕೊಂಡ ವರ್ಷ, ಕೊಂಡ ಬೆಲೆ, ಈಗಿನ ಸ್ಥಿತಿ ಎಂಬ ಅಂಕಣಗಳಿವೆ. ‘ಈಗಿನ ಸ್ಥಿತಿ’ಯ ಕೆಳಗೆ ಹದಿನೆಂಟು ಸಾಲಿಗೂ ‘ದುರಸ್ತಿಗೆ ಯೋಗ್ಯವಲ್ಲ’ ಎಂದು ಮೊದಲೇ ತುಂಬಿಕೊಂಡು ಬಂದಿದ್ದರು. ಅವರು ಸಹಿಗೆ ಚಾಚಿದಾಗ ಹದಿನೇಳು ಮಷಿನ್‌ಗಳಲ್ಲಿ ಮಕ್ಕಳು ಕೂತು ಟೈಪ್ ಮಾಡುತ್ತಿದ್ದರು. ನಾನು ಸಹಿ ಹಾಕಲಿಲ್ಲ. ಅತಿಥಿ ಉಪನ್ಯಾಸಕ ಸಹಿ ಹಾಕದಿದ್ದರೆ ಆಕಾಶವೇನೂ ಬೀಳುವುದಿಲ್ಲ, ಹಾಕಬಲ್ಲವರು ಬೇರೆ ಇದ್ದಾರೆ. ಮುಂದಿನ ವರ್ಷ ನನ್ನ ಹೆಸರು ಪಟ್ಟಿಯಲ್ಲಿ ಇರದೆಯೂ ಹೋಗಬಹುದು. ಆದರೂ ಒಂದು ಅರ್ಜಿ ಬರೆದು ಕೊಟ್ಟಿದ್ದೇನೆ. ನಮೂನೆಗೆ ಒಂದು ಅಂಕಣ ಸೇರಿಸಿ: ಮಷಿನ್ ನಿಂತಾಗ ಪರದೆಯ ಮೇಲೆ ಇದ್ದ ಕೊನೆಯ ಸಾಲು ಏನು. ಅದು ತುಂಬಿರದ ಯಾವ ಯಂತ್ರವನ್ನೂ ತೂಕಕ್ಕೆ ಹಾಕಬಾರದು. ಪರದೆಯೇ ಹೊತ್ತಿಕೊಳ್ಳದಿದ್ದರೆ ಹಾಗೆಂದು ಬರೆಯಿರಿ, ಅದೂ ಒಂದು ಓದೇ. ಉತ್ತರ ಬಂದಿಲ್ಲ.

ಹದಿನೆಂಟನೆಯದು ಈಗ ಇ61 ಎನ್ನುತ್ತಿದೆ. ತಂತಿ ನೋಡಿದೆವು. ಗೋಡೆಯ ಪೈಪಿನೊಳಗೆ ಇಲಿ ಕಡಿದಿದೆ. ಹದಿನೈದು ಮೀಟರ್ ಕೇಬಲ್ಲಿಗೆ ಇಂಡೆಂಟ್ ಹಾಕಿದ್ದೇನೆ.